ಪುಕ್ಕಟೆ ದನಿ

ಯಂತ್ರದ ಒಳಗುಟ್ಟನ್ನು ಪೂರ್ತಿ ಅರಿಯದವರು ಯಂತ್ರದ ಕಥೆ ಹೇಳಹೊರಡುವುದು ಅಧಿಕಪ್ರಸಂಗವೇ ಸರಿ. ಬಲ್ಲವರ ಕಣ್ಣಿಗೆ ಇಲ್ಲಿ ತಪ್ಪುಗಳು ಕಂಡಾವು. ಕಂಡರೆ ಮನ್ನಿಸಿ, ತಿದ್ದಿಕೊಂಡು ಓದಬೇಕು. ಅದಕ್ಕಿಂತ ದೊಡ್ಡ ಅಳುಕು ಇನ್ನೊಂದಿದೆ. ಇದರಲ್ಲಿ ಬರುವವರು ಯಾರೂ ಕೆಟ್ಟವರಲ್ಲ. ಒಳ್ಳೆಯದನ್ನೇ ಮಾಡಹೊರಟವರ ತಪ್ಪನ್ನು ನಾಲ್ಕು ಜನರ ಮುಂದೆ ಇಡುವುದು ಸರಿಯೋ ಅಲ್ಲವೋ ಎಂದು ಬಹಳ ದಿನ ಕೈ ತಡೆದಿತ್ತು. ಹೇಳದೆ ಬಿಡುವುದೂ ಅದೇ ತಪ್ಪನ್ನು ಮುಂದುವರಿಸಿದಂತೆ ಅನ್ನಿಸಿದ್ದರಿಂದ ಹೇಳಬೇಕಾಗಿದೆ.

ಗದಗಿನ ಹಳೆಯ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಒಂದು ಛಾಪಖಾನೆ. ನೀಲಮ್ಮ ಅಲ್ಲಿ ಕಂಪ್ಯೂಟರಿನ ಮುಂದೆ ಕೂತು ಲಗ್ನಪತ್ರಿಕೆ, ಪಾವತಿ ಪುಸ್ತಕ, ಶ್ರದ್ಧಾಂಜಲಿ ಹಾಳೆಗಳನ್ನು ಅಣಿಗೊಳಿಸುತ್ತಿದ್ದಳು. ಈ ವಿದ್ಯೆ ಅವಳಿಗೆ ಬಂದದ್ದು ಸಂಜೆ ಕ್ಲಾಸಿನಲ್ಲಿ. ಹಗಲೆಲ್ಲ ಸೀರೆಗೆ ಫಾಲ್ ಹಚ್ಚಿ, ಸಂಜೆ ಆರಕ್ಕೆ ಚಪ್ಪಲಿ ಮೆಟ್ಟಿಕೊಂಡು ಓಡುತ್ತಿದ್ದಳು. ಆ ಕ್ಲಾಸಿನಲ್ಲಿ ದುಬಾರಿ ಸಾಫ್ಟ್‌ವೇರ್ ಒಂದೂ ಇರಲಿಲ್ಲ. ಇದ್ದವೆಲ್ಲ ಯಾರೋ ಬರೆದು, ಬೇಕಾದವರು ಒಯ್ಯಿರಿ ಎಂದು ಬಿಟ್ಟವು. ಅವನ್ನು ಕಲಿಸುತ್ತಿದ್ದವರು ಪಾಲಿಟೆಕ್ನಿಕ್‌ನಿಂದ ನಿವೃತ್ತರಾದ ಅನ್ನದಾನಿ ಮಾಸ್ತರರು.

ಅವಳ ಗಂಡ ವಿರೂಪಾಕ್ಷಿ ಬಸ್ ಸ್ಟ್ಯಾಂಡಿನ ಎದುರು ನಿಂತು ಟೆಂಪೋಗಳಿಗೆ ಜನರನ್ನು ಕೂಗಿ ಹತ್ತಿಸುವವನು. "ಮುಂಡರಗಿ, ಡಂಬಳ, ಮುಂಡರಗೀ! ಬರ್ರಿ ಯಜಮಾನ್ರ, ಹಿಂದ ಜಗಾ ಐತಿ, ಕುಂತ ಹೋಗ್ರಿ!" ಎಂದು ಅವನು ಕೂಗಿದರೆ ಓಣಿಯ ಒಳಗಿನ ಛಾಪಖಾನೆಗೂ ಕೇಳುತ್ತಿತ್ತು. ಮೂರನೆಯ ಇಯತ್ತೆಗೆ ಸಾಲೆ ಬಿಟ್ಟವನಿಗೆ ಸಹಿ ಮಾಡಲು ಬರುತ್ತಿತ್ತು, ಬೇರೆ ಬರಹ ಬರುತ್ತಿರಲಿಲ್ಲ. ಬಾಯಿಯೇ ಅವನ ಬಂಡವಾಳ. ಅದೇ ಬಾಯಿಗೆ ಇಪ್ಪತ್ತು ವರ್ಷ ತಂಬಾಕು ಹಾಕಿಕೊಂಡ. ಗಂಟಲಲ್ಲಿ ಗಡ್ಡೆ ಎದ್ದು ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಬೇಕಾಯಿತು.

ಅಷ್ಟು ಹೊತ್ತಿಗೆ ಅಂಥವರಿಗೆಂದು ಕೊರಳಪಟ್ಟಿ ಬಂದಿತ್ತು. ಮನುಷ್ಯ ಮಾತಾಡಲು ಹವಣಿಸಿದಾಗ, ಧ್ವನಿ ಇರಲಿ ಇಲ್ಲದಿರಲಿ, ದವಡೆ ಮತ್ತು ಕೊರಳಿನ ಸ್ನಾಯುಗಳು ಸಣ್ಣಗೆ ಅದುರುತ್ತವೆ. ಪಟ್ಟಿ ಆ ಅದುರನ್ನು ಓದಿ ಜೇಬಿನಲ್ಲಿರುವ ಫೋನಿಗೆ ಕಳಿಸುತ್ತದೆ. ಫೋನಿನಲ್ಲಿರುವ ಸಾಫ್ಟ್‌ವೇರ್ ಅದನ್ನು ಮಾತಾಗಿಸಿ, ಪಟ್ಟಿಯಲ್ಲೇ ಇರುವ ಸಣ್ಣ ಸ್ಪೀಕರಿನಿಂದ ಹೇಳುತ್ತದೆ. ಹಳೆಯ ಧ್ವನಿಯ ಮುದ್ರಣವಿದ್ದರೆ ಅದೇ ಧ್ವನಿಯಲ್ಲಿ. ವಿರೂಪಾಕ್ಷಿಯ ಕೂಗನ್ನು ಯಾರೋ ಟೆಂಪೋ ಡ್ರೈವರ್ ತಮಾಷೆಗೆ ರೆಕಾರ್ಡ್ ಮಾಡಿದ್ದು ಉಪಯೋಗಕ್ಕೆ ಬಂತು.

ಎರಡು ವರ್ಷ ಎಲ್ಲ ಸರಿಯಾಗಿತ್ತು. ಒಂದು ಮಂಗಳವಾರ ಬೆಳಿಗ್ಗೆ ವಿರೂಪಾಕ್ಷಿ ಚಹದ ಕಪ್ಪು ಹಿಡಿದು ಹೆಂಡತಿಯನ್ನು ಕಾಡುತ್ತಿದ್ದ.

"ಏ ನೀಲಾ, ಚಾಕ್ಕ ಸಕ್ರಿ ಹಾಕೀಯೋ, ಇಲ್ಲಾ ಬರೇ ಸಕ್ರಿ ಡಬ್ಬಿ ತೋರಿಸಿ..."

ಅಷ್ಟಕ್ಕೆ ಅವನ ಕೊರಳಿನಿಂದ ಯಾರೋ ಹೆಣ್ಣುಮಗಳ ಪುಸ್ತಕದ ಕನ್ನಡ ಹೊರಟಿತು. "ಮಾನ್ಯ ಗ್ರಾಹಕರೇ, ಈ ಆವೃತ್ತಿಯ ಸೇವೆಯನ್ನು ಇಂದಿನಿಂದ ನಿಲ್ಲಿಸಲಾಗಿದೆ. ಧನ್ಯವಾದಗಳು."

ಆಮೇಲೆ ಪಟ್ಟಿ ಮಾತಾಡಲಿಲ್ಲ. ಕಂಪನಿ ಹೊಸ ಮಾದರಿ ತಂದಿತ್ತು. ಹಳೆಯವನ್ನೆಲ್ಲ ಎಲ್ಲೋ ಕೂತು ಒಂದೇ ಗುಂಡಿ ಒತ್ತಿ ಬಾಯಿ ಮುಚ್ಚಿಸಿತ್ತು. ಹೊಸದು ನೀಲಮ್ಮನಂಥವರ ಕೈಗೆಟಕುವ ಮಾತಾಗಿರಲಿಲ್ಲ.

ಅವಳು ಅನ್ನದಾನಿ ಮಾಸ್ತರರ ಬಳಿ ಹೋದಳು. ಅವರು ಪಟ್ಟಿಯನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಪಟ್ಟಿ ಗಟ್ಟಿ ಐತವಾ. ಸತ್ತದ್ದು ಸಾಫ್ಟ್‌ವೇರ್ ಅಷ್ಟ. ಕೀಲಿಕೈ ಅವರ ಹಂತ್ಯಾಕ ಇದ್ರ ಮನೀ ನಮ್ದು ಹೆಂಗ ಆದೀತು? ನಾವ ಒಂದು ಬರಿಯೂಣು. ಕೀಲಿ ಇಲ್ಲದ್ದು. ಬೇಕಾದವರು ಒಯ್ಯಲಿ, ಬೇಕಾದವರು ಒಳಗ ಇಣುಕಿ ರಿಪೇರಿ ಮಾಡ್ಲಿ."

"ನಮ್ಮ ಕೈಲೆ ಆಗತೈತೇನ್ರಿ ಮಾಸ್ತರ?"

"ಆಗಲಾರದ್ದಕ್ಕ ಸಂಜಿ ಕ್ಲಾಸ್ ಯಾಕ ಕಲ್ತಿ?"

ಹಾಗೆ ಶುರುವಾದದ್ದು ಜನರ ಬಾಯಲ್ಲಿ 'ಪುಕ್ಕಟೆ ದನಿ' ಎಂದು ಹೆಸರಾಯಿತು.

ಅದರ ಕೆಲಸ ಹೀಗೆ. ಅದುರಿನಿಂದ ಪೂರ್ತಿ ಮಾತು ಸಿಗುವುದಿಲ್ಲ. ಸಾಲಿಗೆ ನಾಲ್ಕಾರು ಸುಳಿವು ಸಿಗುತ್ತವೆ. ಸಾಫ್ಟ್‌ವೇರ್ ತಾನು ಕಲಿತ ಸಾಲುಗಳಲ್ಲಿ ಆ ಸುಳಿವಿಗೆ ಹತ್ತಿರವಾದದ್ದನ್ನು ಹುಡುಕಿ, ಅವುಗಳ ಪದಗಳನ್ನೂ ಆಯಾ ಮನೆಯವರು ಸೇರಿಸಿದ ಹೆಸರುಗಳನ್ನೂ ಜೋಡಿಸಿ ಹೇಳಬೇಕು. ಕಲಿಸಬೇಕಾದರೆ ಧ್ವನಿ ಇರುವ ಜನ ಪಟ್ಟಿ ಕಟ್ಟಿಕೊಂಡು ಸಾಲುಗಳನ್ನು ಓದಬೇಕು. ಮಾಸ್ತರರು ಮೂರು ಸಾವಿರದ ಇನ್ನೂರು ಸಾಲು ಬರೆದುಕೊಟ್ಟರು. ಊಟ, ಉಡುಗೆ, ಜಗಳ, ಸಂತೆ, ಮಕ್ಕಳು, ರೋಗ, ಹೀಗೆ ಮನುಷ್ಯ ದಿನಾ ಆಡುವುದೆಲ್ಲ ಅದರಲ್ಲಿತ್ತು. ಓದಿಸುವ ಹೊಣೆ ನೀಲಮ್ಮನದು. ಛಾಪಖಾನೆಯ ಅಟ್ಟದ ಮೇಲೆ ಚಾಪೆ ಹಾಸಿದರು. ಬೆಟಗೇರಿಯಿಂದ ಮಗ್ಗದ ಕೆಲಸದ ಶಿವಗಂಗವ್ವ, ಬಳೆ ಅಂಗಡಿಯ ಹಸೀನಾಬಿ, ಇನ್ನೂ ಹದಿನೆಂಟು ಮಂದಿ ಒಪ್ಪಿದರು. ಎಲ್ಲರೂ ದುಡಿಯುವವರು, ಬಿಡುವಾಗುತ್ತಿದ್ದದ್ದು ದೀಪ ಹಚ್ಚುವ ಹೊತ್ತಿಗೆ.

ಆರನೆಯ ದಿನ ಶಿವಗಂಗವ್ವ ಓದುತ್ತಿದ್ದವಳು ತಟ್ಟನೆ ನಿಲ್ಲಿಸಿ ಹಾಳೆಯನ್ನು ಕೆಳಗಿಟ್ಟಳು.

"ಈ ಸಾಲ ನಾ ಓದಂಗಿಲ್ಲವಾ."

"ಯಾಕ ಯಕ್ಕಾ? ಅಕ್ಷರ ಕಾಣವಲ್ವೇನು?"

"ಚಂದಂಗಿ ಕಾಣಸ್ತಾವು, ಅದಕ್ಕ ಓದಂಗಿಲ್ಲ. 'ನನಗ ಸಾಯುವಂಥಾ ನೋವು ಆಗಾಕತ್ತೈತಿ.' ಮುಸ್ಸಂಜಿ ಹೊತ್ತಿನ್ಯಾಗ, ಕೊರಳಿಗೆ ಪಟ್ಟಿ ಬಿಗಕೊಂಡು, ನನ್ನ ಬಾಯಿಲೇ ಇದನ್ನ ಆಡ್ಲೇನು? ಮ್ಯಾಲ ಅಸ್ತು ದೇವತಿಗೋಳು ತಿರಗತಿರ್ತಾವು. ಒಮ್ಮಿ 'ಅಸ್ತು' ಅಂದ್ವು ಅಂದ್ರ ನನ್ನ ಮಗ್ಗಾ ಯಾರ ನೇಯವ್ರು, ನಿಮ್ಮ ಮಾಸ್ತರೇನು?"

ಎಲ್ಲರೂ ನಕ್ಕರು. ಹಸೀನಾಬಿ ಮಾತ್ರ ತಲೆಯಾಡಿಸಿದಳು. "ನಗಬ್ಯಾಡ್ರಿ. ನಮ್ಮ ಅಜ್ಜಿನೂ ಹಂಗ ಅಂತಿದ್ಲು. ಮಗ್ರಿಬ್ ಹೊತ್ತಿನ್ಯಾಗ ಕೆಟ್ಟದ್ದನ್ನ ಬಾಯಿಂದ ತಗೀಬಾರ್ದಂತ. ನಾನೂ ಓದಂಗಿಲ್ಲ."

"ಆತು ಬಿಡ್ರಿ," ಎಂದಳು ನೀಲಮ್ಮ. "ಅವನ್ನ ಐತವಾರ ಹಾಡಹಗಲ ಓದಿದ್ರಾತು."

ನೋವು, ಸಾವು, ರಕ್ತ, ಉರಿ, ಉಸಿರು ಕಟ್ಟುವುದು, ಇನ್ನು ತಾಳಲಾರೆ ಅನ್ನುವುದು. ಇಂಥ ಸಾಲುಗಳಿಗೆ ಒಬ್ಬೊಬ್ಬರೂ ಪೆನ್ಸಿಲಿನಿಂದ ಗೀಟು ಎಳೆಯುತ್ತ ಹೋದರು. ಕೊನೆಗೆ ಎಣಿಸಿದರೆ ಅರವತ್ತೊಂದು. ಐತವಾರ ಬಂದಾಗ ಒಬ್ಬರ ಮನೆಯಲ್ಲಿ ಸೀಮಂತ, ಒಬ್ಬರಿಗೆ ಸಂತೆ. ನೀಲಮ್ಮ ಒಬ್ಬಳೇ ಅಟ್ಟ ಹತ್ತಿದಳು. ಕಿಟಕಿಯ ತುಂಬ ಬಿಸಿಲಿತ್ತು. ಪಟ್ಟಿ ಕಟ್ಟಿಕೊಂಡು ಮೊದಲ ಸಾಲು ನೋಡಿದಳು. "ಉಸಿರು ಕಟ್ಟಾಕತ್ತೈತಿ." ಬಾಯಿ ತೆರೆಯಿತು, ಮಾತು ಏಳಲಿಲ್ಲ. ಆಪರೇಶನ್ ಆದಾಗಿನಿಂದ ಆ ಮಾತುಗಳನ್ನು ಮನೆಯ ಹೊಸ್ತಿಲ ಒಳಗೆ ಬಿಟ್ಟುಕೊಂಡವಳಲ್ಲ ಅವಳು. ಕೈ ತಾಳಿಯ ಮೇಲೆ ಹೋಯಿತು. ಅರ್ಧ ಗಂಟೆ ಕೂತು, ಪಟ್ಟಿ ಬಿಚ್ಚಿಟ್ಟಳು.

ಯಾರೂ ಓದದ ಸಾಲು ಉಳಿದಿದ್ದರೆ ಸಾಫ್ಟ್‌ವೇರ್ ಕಲಿಕೆಯನ್ನು ಮುಂದುವರಿಸುತ್ತಿರಲಿಲ್ಲ. ಸದ್ಯಕ್ಕೆ ಎಂದುಕೊಂಡು ನೀಲಮ್ಮ ಆ ಅರವತ್ತೊಂದನ್ನು ಸಾಲುಗಳ ಯಾದಿಯಿಂದಲೇ ತೆಗೆದಳು. ಸೋಮವಾರ ಮಾಸ್ತರರು ಕೇಳಿದರು, "ಎಲ್ಲಾ ಆತೇನವಾ?"

"ಆತ್ರಿ ಮಾಸ್ತರ."

ಅದೊಂದು ಮಾತಿಗೆ ಅವಳು ಮುಂದೆ ಎಷ್ಟು ಸಲ ತನ್ನನ್ನು ತಾನು ಶಪಿಸಿಕೊಂಡಳೋ. ಆದರೆ ಆ ದಿನ ಅದು ದೊಡ್ಡ ಸುಳ್ಳೆಂದು ಅನ್ನಿಸಿರಲಿಲ್ಲ. ಲಗ್ನದ ಹಂಗಾಮು, ಪತ್ರಿಕೆಗಳ ರಾಶಿ, ಮುಂದಿನ ಐತವಾರ ಎಂದುಕೊಂಡದ್ದು ಮುಂದೆ ಮುಂದೆ ಹೋಯಿತು.

ಮೊದಮೊದಲು ಸುಳಿವು ಯಾವುದಕ್ಕೂ ಹೊಂದದಿದ್ದಾಗ ದನಿ ಸುಮ್ಮನಿರುತ್ತಿತ್ತು. ಕಟ್ಟಿಕೊಂಡವರು ಗೊಣಗಿದರು, ನಡುವೆ ಬಾಯಿ ಕಟ್ಟಿದರೆ ಮತ್ತೆ ಮೂಕರಾದಂತೆ ಎದೆ ಒಡೆಯುತ್ತದೆ ಎಂದರು. ಅವರ ಮೇಲಿನ ಕನಿಕರಕ್ಕೆ ಮಾಸ್ತರರು ಅದನ್ನು ಬದಲಿಸಿದರು. ಹೊಂದಲಿ ಬಿಡಲಿ, ಇದ್ದದ್ದರಲ್ಲಿ ಹತ್ತಿರದ ಸಾಲನ್ನು ಹೇಳಲೇಬೇಕು.

ವಿರೂಪಾಕ್ಷಿ ಹೊಸ ದನಿ ಹಾಕಿಕೊಂಡು ಬಸ್ ಸ್ಟ್ಯಾಂಡಿಗೆ ಹೋದ ದಿನ ಟೆಂಪೋದವರು ಅವನಿಗೆ ಹಾರ ಹಾಕಿದರು. "ಏನೋ ಇರಪಾಕ್ಷಿ, ಕಂಪನಿ ದನಿ ಬಿಟ್ಟು ಪುಕ್ಕಟ ದನಿ ಹಿಡದಿ ಅಂತಲ್ಲೋ!" ಎಂದು ಒಬ್ಬ ಕೆಣಕಿದರೆ, ಕೊರಳು ತಡಮಾಡದೆ ಹೇಳಿತು: "ನಿನ್ನ ಟೆಂಪೋದಾಗ ಪುಕ್ಕಟ ಕುಂದ್ರವ್ರ ಹೆಚ್ಚು, ಮೊದಲ ಅವರನ್ನ ಇಳಸು!" ಕಂಪನಿಯ ದನಿಗೆ ಈ ಸೀಮೆಯ ಮಾತು ಎಂದೂ ಇಷ್ಟು ಸಲೀಸಾಗಿ ಬಂದಿರಲಿಲ್ಲ. ಫೋನಿನಿಂದ ಫೋನಿಗೆ, ಊರಿನಿಂದ ಊರಿಗೆ ಅದು ಹಬ್ಬಿತು. ಹೆಸರು ಬರೆಸಬೇಕಿಲ್ಲ, ಯಾರನ್ನೂ ಕೇಳಬೇಕಿಲ್ಲ. ಎಂಟೊಂಬತ್ತು ಜಿಲ್ಲೆಗೆ ಹೋಗಿದೆ ಎಂದು ಮಾಸ್ತರರು ಹೆಮ್ಮೆಯಿಂದ ಅಂದಾಜು ಹೇಳುತ್ತಿದ್ದರು. ಅಂದಾಜೇ, ಲೆಕ್ಕ ಯಾರ ಬಳಿಯೂ ಇರಲಿಲ್ಲ.

ಒಂದು ವರ್ಷ ಕಳೆಯಿತು. ಸಂಕ್ರಾಂತಿಯ ನಂತರ ವಿರೂಪಾಕ್ಷಿ ಸೊರಗತೊಡಗಿದ. ರೋಗ ಮರಳಿತ್ತು, ಈ ಸಲ ಬೆನ್ನುಮೂಳೆಗೂ ಇಳಿದಿತ್ತು. ಕತ್ತರಿಸಿ ಫಲವಿಲ್ಲ, ಮನೆಯಲ್ಲೇ ಆರೈಕೆ ಮಾಡಿ ಎಂದರು. ಹದಿನೈದು ದಿನಕ್ಕೊಮ್ಮೆ ಧರ್ಮಾಸ್ಪತ್ರೆಯ ಡಾಕ್ಟರಮ್ಮ ಮನೆಗೆ ಬರುತ್ತಿದ್ದರು. ನೋವಿಗೆ ಗಟ್ಟಿ ಔಷಧಿ ಕೊಡಬೇಕಾದರೆ ರೋಗಿಯ ಸ್ವಂತ ಮಾತು ದಾಖಲಾಗಬೇಕೆಂಬುದು ಆಗಿನ ನಿಯಮ.

"ನೋವು ಐತೇನ್ರಿ?"

"ಹೂಂ, ಆರಾಮ ಅದೀನ್ರಿ ಬಾಯಾರ," ಎಂದಿತು ಕೊರಳು, ಟೆಂಪೋ ಕೂಗುವ ಹಳೆಯ ಗೆಲುವಿನ ದನಿಯಲ್ಲಿ.

ವಿರೂಪಾಕ್ಷಿ ಕೈಯೆತ್ತಿ ಕೊರಳನ್ನು ತೋರಿಸಿದ. ಪಟ್ಟಿ ಬಿಗಿಯಾಗಿದೆಯೆಂದು ತಿಳಿದು ಡಾಕ್ಟರಮ್ಮ ಒಂದು ಗುಂಡಿ ಸಡಿಲಿಸಿದರು.

ಅವನು ಮಂಚದ ಕಟ್ಟಿಗೆಗೆ ಗುದ್ದುತ್ತಿದ್ದ. "ಚಲೋ ಆತು, ಚಲೋ ಆತು," ಎನ್ನುತ್ತಿತ್ತು ದನಿ. ಮಲಗಿ ಮಲಗಿ ಬೇಸತ್ತು ಸಿಟ್ಟು ಮಾಡುತ್ತಾನೆಂದು ನೀಲಮ್ಮ ತಲೆ ಸವರುತ್ತಿದ್ದಳು. ಎರಡು ಸಲ ಅವನು ಪಟ್ಟಿ ಕಿತ್ತೆಸೆದ. ಚರ್ಮ ಕಡಿಯುತ್ತಿದೆಯೇನೋ ಎಂದು ಅವಳು ಮೆತ್ತನೆಯ ಅರಿವೆ ಹೊಲಿದು, ಪಟ್ಟಿಯ ಒಳಗಿಟ್ಟು, ಮತ್ತೆ ಕಟ್ಟಿದಳು. ಮುಖ ಒಂದು ಹೇಳುತ್ತಿತ್ತು, ಮಾತು ಇನ್ನೊಂದು. ಹದಿನೆಂಟು ವರ್ಷ ಸಂಸಾರ ಮಾಡಿದವಳು ಮಾತನ್ನೇ ನಂಬಿದಳು. ನಂಬುವುದು ಹಿತವಾಗಿಯೂ ಇತ್ತು.

"ನಿನ್ನ ಗಂಡ ಎಷ್ಟ ಸಮಾಧಾನದ ಮನಷ್ಯಾ ಆಗ್ಯಾನವಾ," ಎಂದು ಶಿವಗಂಗವ್ವ ಒಮ್ಮೆ ನೋಡಲು ಬಂದಾಗ ಹೊಗಳಿದಳು.

ಯುಗಾದಿ ಕಳೆದು ಎರಡು ವಾರಕ್ಕೆ, ಮಟಮಟ ಮಧ್ಯಾಹ್ನ, ನೀಲಮ್ಮ ಮಾಸ್ತರರಿಗೆ ಯಾವುದೋ ಕಡತ ತೋರಿಸಲು ಅಟ್ಟಕ್ಕೆ ಹೋಗಿದ್ದಳು. ಅವರ ಫೋನು ರಿಂಗಾಯಿತು. ಬಾಗಲಕೋಟೆ ಕಡೆಯ ಒಂದು ಆರೈಕೆ ಮನೆಯ ನರ್ಸ್ ಮಾತಾಡುತ್ತಿದ್ದಳು. ಮಾಸ್ತರರಿಗೆ ಕಿವಿ ಮಂದ, ಸ್ಪೀಕರ್ ಹಾಕಿದರು.

"ಸರ್, ಒಂದ ಮಾತ ಕೇಳಬೇಕಾಗಿತ್ತು, ತಪ್ಪ ತಿಳಕೋಬ್ಯಾಡ್ರಿ. ನಮ್ಮಲ್ಲಿ ನಿಮ್ಮ ದನಿ ಕಟಗೊಂಡವ್ರು ಹದಿನಾಲ್ಕು ಮಂದಿ ಅದಾರ, ಕಂಪನಿ ದನಿಯವ್ರು ಆರು ಮಂದಿ. ಆ ಆರೂ ಮಂದಿ ನೋವು ನೋವು ಅಂತ ಒದರತಾರ. ನಿಮ್ಮವ್ರು ಒಬ್ಬರೂ ಅನ್ನಂಗಿಲ್ಲ."

ಮಾಸ್ತರರ ಮುಖ ಅರಳಿತು. "ನಮ್ಮ ಭಾಷಾದಾಗ ಮಾತಾಡಿದ್ರ ಮನಸಿಗೆ ಒಂದ ನೆಮ್ಮದಿ ಇರತೈತವಾ..."

"ಹಂಗಲ್ರಿ ಸರ್. ಬಾಯಿಲೆ ಆರಾಮ ಅದೀವಿ ಅಂತಾರ. ಬೆಳಗ ಮುಂಜಾನೆ ಹಾಸಿಗಿ ಚಾದರ ಬದಲ ಮಾಡಾಕ ಹೋದ್ರ, ಉಗುರಿಲೆ ಹರದಿರತಾರ."

ನೀಲಮ್ಮ ಕಡತವನ್ನು ಅಲ್ಲೇ ಬಿಟ್ಟಳು. ಮಾಸ್ತರರು ಏನೆಂದು ಕೇಳುವ ಮೊದಲೇ ಅವಳು ಮೆಟ್ಟಿಲು ಇಳಿದಿದ್ದಳು.

ಮನೆಯಲ್ಲಿ ವಿರೂಪಾಕ್ಷಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಅವಳು ಅವನ ಎರಡೂ ಕೈ ಹಿಡಿದಳು.

"ನೋಡ್ರಿ ಇಲ್ಲೆ. ನಿಮಗ ನೋವೈತೇನು? ಇದ್ರ ನನ್ನ ಕೈ ಹಿಚಕ್ರಿ."

"ಆರಾಮ ಅದೀನಿ," ಎಂದಿತು ಪಟ್ಟಿ. ಅದೇ ಕ್ಷಣಕ್ಕೆ ಅವನ ಬೆರಳುಗಳು ಅವಳ ಕೈಯನ್ನು ಮೂಳೆ ನೋಯುವಂತೆ ಹಿಚುಕಿದವು.

"ವಾರ ಆತೇನ್ರಿ?"

"ಚಲೋ ಆತು." ಹಿಚುಕಿದ.

"ತಿಂಗಳಾ? ಶಿವರಾತ್ರಿಗಿಂತ ಮೊದಲಿಂದ?"

ಅವಳು ಒಂದು ಕೈ ಬಿಡಿಸಿಕೊಂಡು ಪಟ್ಟಿಯನ್ನು ಹರಿದು ತೆಗೆದಳು. ಅವನು ಹಿಚುಕುತ್ತಲೇ ಇದ್ದ. ಧ್ವನಿಯಿಲ್ಲದ ಬಾಯಿ ತೆರೆದು ಮುಚ್ಚಿ ಏನೇನೋ ಹೇಳುತ್ತಿತ್ತು. ಅವಳಿಗೆ ಒಂದಕ್ಷರವೂ ತಿಳಿಯಲಿಲ್ಲ.

ಡಾಕ್ಟರಮ್ಮ ಅದೇ ಸಂಜೆ ಬಂದರು. ಕೈ ಹಿಚುಕಿದ್ದನ್ನೇ ಸ್ವಂತ ಮಾತೆಂದು ಬರೆದುಕೊಂಡು ಔಷಧಿ ಕೊಟ್ಟರು. ಎರಡೂವರೆ ತಿಂಗಳ ಮೇಲೆ ಮೊದಲ ಸಲ ಅವನ ಹಣೆಯ ಗೆರೆ ಸಡಿಲಾಯಿತು.

ನೀಲಮ್ಮ ಮಾಸ್ತರರ ಮುಂದೆ ನಿಂತು ಎಲ್ಲವನ್ನೂ ಹೇಳಿದಳು. ಬೈಯಲಿ ಎಂದೇ ನಿಂತಿದ್ದಳು. ಅವರು ಕನ್ನಡಕ ತೆಗೆದಿಟ್ಟರು.

"ಸಾಲು ತಗದಾಕಿ ನೀನು. ಖರೆ. ಆದ್ರ ಗೊತ್ತಿಲ್ಲದಾಗ ಸುಮ್ಮನಿರೂದನ್ನ ಬಿಡಿಸಿ, ಏನರೆ ಒಂದು ಹೇಳಂತ ಕಲಿಸಿದಾಂವ ನಾನು. ಒಳಗಿಂದೆಲ್ಲಾ ಬಿಚ್ಚಿಟ್ಟೀವಿ, ಯಾರ ಬೇಕಾದವರು ನೋಡಬಹುದು ಅಂತ ಊರೆಲ್ಲಾ ಭಾಷಣಾ ಮಾಡಿದೆ. ಯಾರರೆ ನೋಡಿದ್ರೇನು? ನಾನ ನೋಡ್ಲಿಲ್ಲ."

ಹಗಲಿಗೆ ಕಾಯುವ ಹಾಗಿರಲಿಲ್ಲ. ಮರುದಿನ ದೀಪ ಹಚ್ಚುವ ಹೊತ್ತಿಗೇ ಇಪ್ಪತ್ತು ಮಂದಿಯೂ ಅಟ್ಟದ ಮೇಲೆ ಸೇರಿದರು. ಯಾರೂ ಯಾರಿಗೂ ಒತ್ತಾಯ ಮಾಡಲಿಲ್ಲ. ಶಿವಗಂಗವ್ವ ಕೈಚಾಚಿ, "ತಾ ಇಲ್ಲೆ," ಎಂದು ಪಟ್ಟಿ ಇಸಿದುಕೊಂಡು ಕಟ್ಟಿಕೊಂಡಳು. ಅವಳ ದನಿ ನಡುಗುತ್ತಿತ್ತು. ನಡುಗಿದರೆ ಕಲಿಕೆ ಕೆಡುತ್ತದೆಂದು ಮೂರು ಮೂರು ಸಲ ಓದಿದಳು. "ನನಗ ಸಾಯುವಂಥಾ ನೋವು ಆಗಾಕತ್ತೈತಿ."

"'ಅಸ್ತು' ಅನ್ನವ್ರು ಅಂದಬಿಡ್ಲಿ ಅತ್ಲಾಗ," ಎಂದು ಹಸೀನಾಬಿ ಸೆರಗಿನಿಂದ ಮೂಗೊರೆಸಿಕೊಂಡಳು. ನೀಲಮ್ಮನ ಸರದಿ ಬಂದಾಗ ಅವಳು ಅರವತ್ತೊಂದನ್ನೂ ಒಂದೇ ಉಸಿರಿನಲ್ಲೆಂಬಂತೆ ಓದಿ ಮುಗಿಸಿದಳು.

ಅವರಲ್ಲಿದ್ದದ್ದು ಯಾವುದೋ ಬ್ಯಾಂಕು ಬಿಸಾಡಿದ ಹಳೆಯ ಕಂಪ್ಯೂಟರು. ಹೊಸದನ್ನು ಕಲಿಯಲು ಅದಕ್ಕೆ ನಾಲ್ಕು ದಿನ ಬೇಕಿತ್ತು. ಮೂರನೆಯ ದಿನ ಬೆಳಿಗ್ಗೆ ಹತ್ತರ ಸುಮಾರಿಗೆ, ಔಷಧಿಯ ಮಂಪರಿನಲ್ಲಿ, ವಿರೂಪಾಕ್ಷಿ ತೀರಿಕೊಂಡ.

ತಿದ್ದಿದ ದನಿಯನ್ನು ಐದನೆಯ ದಿನ ಊರೂರಿಗೆ ಬಿಟ್ಟರು. ಆಗ ಇನ್ನೊಂದು ಸಂಗತಿ ಎದುರು ನಿಂತಿತು. ಕಂಪನಿ ಒಂದು ಗುಂಡಿ ಒತ್ತಿ ಎಲ್ಲರ ಬಾಯಿ ಮುಚ್ಚಿಸಬಲ್ಲದಾಗಿತ್ತು. ಪುಕ್ಕಟೆ ದನಿಯ ಹಳೆಯ ಪ್ರತಿ ಯಾರ ಫೋನಿನಲ್ಲಿದೆಯೋ ಅದನ್ನು ಮಾಡಿದವರಿಗೇ ತಿಳಿಯದು. ಕೀಲಿಯಿಲ್ಲದ ಮನೆಯಿಂದ ಯಾರು ಏನು ಒಯ್ದರೆಂದು ಬರೆದಿಟ್ಟವರಿಲ್ಲ. ನೀಲಮ್ಮ ಒಂದು ತಿಳುವಳಿಕೆ ಪತ್ರವನ್ನು ತಾನೇ ಜೋಡಿಸಿ, ಛಾಪಿಸಿ, ಸಿಕ್ಕ ಸಿಕ್ಕ ಆಸ್ಪತ್ರೆಗೆ, ಬಸ್ ಡ್ರೈವರುಗಳ ಕೈಗೆ ಕೊಟ್ಟು ಕಳಿಸಿದಳು. 'ಈ ದನಿ ನೋವನ್ನು ಹೇಳುವುದಿಲ್ಲ. ದಯವಿಟ್ಟು ರೋಗಿಯ ಕೈ ಹಿಡಿದು ಕೇಳಿರಿ.' ನವಲಗುಂದದಿಂದ ಒಬ್ಬ ಹೆಣ್ಣುಮಗಳು ಫೋನು ಮಾಡಿದಳು. "ನಮ್ಮವ್ವ ಹೋಗಿ ಐದ ತಿಂಗಳಾತ್ರಿ. ಒಂದ ದಿನಾನೂ ನೋವು ಅನ್ನಲಿಲ್ಲ, ಪುಣ್ಯದ ಸಾವು ಅಂತ ಎಲ್ಲಾರಿಗೂ ಹೇಳೀನಿ. ಈಗ ಇದೇನ್ರಿ ನೀವು ಹಿಂಗ ಬರದೀರಿ?" ನೀಲಮ್ಮ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಆ ಕಡೆಯಿಂದ ಫೋನು ಕಟ್ಟಾಯಿತು.

ದಿನಕರ್ಮಗಳು ಮುಗಿದ ಮೇಲೆ ಮಾಸ್ತರರು ಅವಳನ್ನು ಕರೆಸಿದರು. ಹೇಳಲೋ ಬೇಡವೋ ಎಂದು ತಡವರಿಸಿದರು.

"ಪಟ್ಟಿ ಓದಿದ್ದೆಲ್ಲಾ ಫೋನಿನ್ಯಾಗ ಉಳದಿರತೈತವಾ. ಮಾತಲ್ಲ, ಬರೇ ಅದುರು. ಅದನ್ನ ಹೊಸಾದರಾಗ ಹಾಕಿದ್ರ, ಅಂವಾ ಖರೇನ ಏನ ಹೇಳಿದ್ದ ಅಂತ ಒಂದಿಷ್ಟು ತಿಳೀಬಹುದು. ಪೂರಾ ಅಲ್ಲ. ಈಗ ನಾ ಅದಕ್ಕ ತಿಳೀಲಿಲ್ಲಂದ್ರ ಸುಮ್ಮನಿರಾಕ ಕಲಿಸೀನಿ. ಖಾಲಿ ಬಿಡತೈತಿ. ವಿಚಾರ ಮಾಡಿ ನೋಡು, ಬ್ಯಾಡಂದ್ರ ಬ್ಯಾಡ."

"ಹಾಕ್ರಿ," ಎಂದಳು ನೀಲಮ್ಮ.

ಸಂಕ್ರಾಂತಿ ಕಳೆದ ಮೇಲಿನ ಎರಡೂವರೆ ತಿಂಗಳ ಮಾತು ಪರದೆಯ ಮೇಲೆ ಸಾಲು ಸಾಲಾಗಿ, ದಿನ ಮತ್ತು ಗಂಟೆಯೊಡನೆ ಇಳಿಯಿತು. ಒಟ್ಟು ಸಾವಿರದ ನೂರಾ ಆರು ಸಾಲು. ಅವಳು ಕಂಪ್ಯೂಟರಿನ ಮುಂದೆ ಕೂತು, ತಪ್ಪು ಹುಡುಕುವಾಗ ಕೂರುವಂತೆಯೇ ಬೆರಳಿಟ್ಟು ಒಂದೊಂದನ್ನೂ ಓದಿದಳು. ನೋವು ಎಂದದ್ದು ಮುನ್ನೂರ ನಲವತ್ತು ಸಲ. ಇನ್ನು ತಾಳಲಾರೆ ಎಂದದ್ದು ಐವತ್ತೆರಡು. ಚಹ, ನೀರು, ಕಿಟಕಿ ಮುಚ್ಚು, ಶಿವಗಂಗವ್ವನನ್ನು ಕಳಿಸು ಸಾಕು, ಇಂಥವು ಇನ್ನೂರಕ್ಕೂ ಹೆಚ್ಚು. ನಾನೂರಕ್ಕೂ ಹೆಚ್ಚು ಸಾಲು ಬರೀ ಖಾಲಿ. ಇಪ್ಪತ್ತಮೂರು ಸಾಲುಗಳಲ್ಲಿ 'ನೀಲಾ' ಎಂದಷ್ಟೇ ಇದ್ದು, ಮುಂದೆ ಏನೂ ಇರಲಿಲ್ಲ. ಅವುಗಳ ಗಂಟೆ ನೋಡಿದಳು. ಹೆಚ್ಚಿನವು ಅವಳು ಗಂಜಿ ಕುಡಿಸುತ್ತಿದ್ದ ಹೊತ್ತಿನವು. ದನಿ ಆಗ ಊಟದ ಮಾತೇನೋ ಆಡಿತ್ತು. ಅವಳು ನಕ್ಕು ಚಮಚ ಮುಂದೆ ಹಿಡಿದಿದ್ದಳು.

ಅದುರುಗಳು ಈಗಲೂ ಇವೆ. ಅವನ್ನು ಪೂರ್ತಿ ಓದಬಲ್ಲ ಸಾಫ್ಟ್‌ವೇರನ್ನು ಯಾರಾದರೂ ಎಂದಾದರೂ ಬರೆದಾರೋ ಇಲ್ಲವೋ, ಗೊತ್ತಿಲ್ಲ. ಹಳೆಯ ಪ್ರತಿಗಳು ಎಷ್ಟು ಕೊರಳುಗಳಲ್ಲಿ ಇನ್ನೂ ಮಾತಾಡುತ್ತಿವೆ ಎಂಬುದೂ ಗೊತ್ತಿಲ್ಲ. 'ನೀಲಾ' ಎಂದು ಕರೆದು ವಿರೂಪಾಕ್ಷಿ ಇಪ್ಪತ್ತಮೂರು ಸಲ ಏನು ಹೇಳಿದ, ಒಂದೇ ಮಾತನ್ನು ಹೇಳಿದನೋ ಬೇರೆ ಬೇರೆಯೋ, ಬೈದನೋ, ಬೇಡಿದನೋ, ಅದು ಕೂಡ ಗೊತ್ತಿಲ್ಲ.